ಚಾಕಿ ಮನೆಯ ಕಿಟಕಿ

ಕಳೆದ ವಾರ ಪುರಸಭೆಯವರು ನಮ್ಮ ಬೀದಿಯ ಚರಂಡಿಗೆ ಬ್ಲೀಚಿಂಗ್ ಪುಡಿ ಚೆಲ್ಲಿ ಹೋದರು. ಕೊಳ್ಳೇಗಾಲದಲ್ಲಿ ನಾನಿರುವ ಬೀದಿಗೆ ಈ ಭಾಗ್ಯ ಒದಗುವುದು ಅಪರೂಪ. ಅಕ್ಕಪಕ್ಕದವರೆಲ್ಲ ಮೂಗು ಮುಚ್ಚಿಕೊಂಡು ಒಳಗೆ ಹೋದರು, ನಾನು ಮಾತ್ರ ಜಗಲಿಯ ಮೇಲೆ ಕೂತೇ ಇದ್ದೆ. ಇಷ್ಟು ವರ್ಷ ನಶ್ಯ ಏರಿಸಿದ ನನ್ನ ಮೂಗಿಗೆ ಮಲ್ಲಿಗೆಯೂ ಒಂದೇ, ಹುಳಿ ಮಜ್ಜಿಗೆಯೂ ಒಂದೇ. ಆದರೆ ಈ ಘಾಟು ಮಾತ್ರ ಅದಕ್ಕೆ ಇನ್ನೂ ಗೊತ್ತಾಗುತ್ತದೆ. ಇದರ ಹಿಂದೆಯೇ ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬರಬೇಕಿತ್ತು... ಬರಲಿಲ್ಲ.

ಹನೂರಿನ ರಸ್ತೆಯಿಂದ ಎರಡು ಮೈಲಿ ಒಳಗೆ ನಡೆದರೆ ಸಿಗುವ ಒಂದು ಊರಿನ ಶಾಲೆಗೆ ನನಗೆ ವರ್ಗವಾದದ್ದು ತೊಂಬತ್ತರ ಆಸುಪಾಸಿನಲ್ಲಿ. ಬಾಡಿಗೆಗೆ ಕೊಡುವಂಥ ಕೋಣೆ ಅಲ್ಲಿ ಇದ್ದದ್ದು ಒಂದೇ ಮನೆಯಲ್ಲಿ. ಆ ಮನೆಯೊಡತಿಯನ್ನು ಊರೆಲ್ಲ ಚಾಕಿ ಅಕ್ಕ ಎನ್ನುತ್ತಿತ್ತು, ನಾನೂ ಅಕ್ಕ ಎಂದೇ ಕರೆದೆ. ಗಂಡ ಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು, ಅವಳನ್ನು ಪಾಲಾರ್ ಕಡೆ ಕೊಟ್ಟಿದ್ದರು. ನಾನು ಟ್ರಂಕು ಇಳಿಸುವ ಮೊದಲೇ ಅಕ್ಕನ ಕಣ್ಣು ನನ್ನ ನಶ್ಯದ ಡಬ್ಬಿಯ ಮೇಲೆ ಬಿತ್ತು.

"ಅದು ಒಗೆಸೊಪ್ಪಲ್ವಾ ಮೇಷ್ಟ್ರೇ? ಕೋಣೆ ಕೊಡ್ತೀನಿ. ಆದ್ರೆ ಉಳದ ಮನೆ ಬಾಗ್ಲು ಮಾತ್ರ ತುಳೀಬ್ಯಾಡಿ."

ಹೊಗೆಸೊಪ್ಪು ಮುಟ್ಟಿದ ಕೈ ಸೊಪ್ಪಿಗೆ ತಾಗಿದರೆ ಸಾಕು, ಅದನ್ನು ತಿಂದ ರೇಷ್ಮೆ ಹುಳ ಕಕ್ಕಿಕೊಂಡು ಸಾಯುತ್ತದೆ ಎಂದು ನನಗೆ ತಿಳಿದದ್ದೇ ಆವತ್ತು. ಒಂದೇ ಹಟ್ಟಿಯಲ್ಲಿ ಏಳು ವರ್ಷ ಇದ್ದೆ, ದಿನವೂ ಬ್ಲೀಚಿಂಗ್ ನೀರು ಹಾಕಿ ತೊಳೆಯುತ್ತಿದ್ದ ಆ ಹೊಸಿಲು ದಾಟಲಿಲ್ಲ. ನಶ್ಯ ಬಿಟ್ಟಿದ್ದರೆ ದಾಟಬಹುದಿತ್ತು, ಬಿಡಲಿಲ್ಲ.

ಚಾಕಿ ಎಂದರೆ ಹುಳದ ಎಳೆತನ, ಆ ವಯಸ್ಸಿನ ಒಂದು ತಂಡಕ್ಕೂ ಅದೇ ಹೆಸರು. ಮೊಟ್ಟೆಯೊಡೆದ ಮೇಲೆ ಮೊದಲ ಎಂಟೊಂಬತ್ತು ದಿನ ಅದು ಕೂದಲೆಳೆಯಷ್ಟಿರುತ್ತದೆ. ಅಷ್ಟರಲ್ಲಿ ಎರಡು ಸಲ ಮೇವು ಬಿಟ್ಟು, ತಲೆಯೆತ್ತಿ ಕೂತು, ಚರ್ಮ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ಎರಡು ಜ್ವರ ದಾಟಿಸುವುದರಲ್ಲೇ ಎಷ್ಟೋ ಮನೆಗಳ ಹುಳ ಹಾಳಾಗುತ್ತಿತ್ತು, ಅಕ್ಕನ ಕೈಯಲ್ಲಿ ಉಳಿಯುತ್ತಿತ್ತು. ಹಾಗಾಗಿ ಪಕ್ಕದ ಮನೆಯವರು ತಮ್ಮ ಮೊಟ್ಟೆಯನ್ನೂ ಅವಳ ಹತ್ತಿರ ಬಿಟ್ಟು, ಎರಡನೇ ಜ್ವರ ಕಳೆದ ಮೇಲೆ ಒಯ್ಯತೊಡಗಿದರು. ಒಬ್ಬರನ್ನು ನೋಡಿ ಇನ್ನೊಬ್ಬರು ಬಂದರು. ನಾನು ಹೋಗುವ ಹೊತ್ತಿಗೆ ಯಳಂದೂರಿನ ಕಡೆಯಿಂದ, ಅತ್ತ ಕಾಡಂಚಿನ ಹೂಗ್ಯಂನಿಂದಲೂ ಜನ ಬರುತ್ತಿದ್ದರು. ಅದಕ್ಕಾಗಿ ಇನ್ನೊಂದು ಕೋಣೆ ಕಟ್ಟಿಸಿ, ಆರು ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಳು.

ಆದರೆ ಅಷ್ಟೂ ಕೆಲಸ ಇದ್ದದ್ದು ಅವಳೊಬ್ಬಳ ತಲೆಯಲ್ಲಿ. ಸೊಪ್ಪು ಎಷ್ಟು ಸಣ್ಣಗೆ ಹೆಚ್ಚಬೇಕು, ಹಾಸು ಒಣಗಲು ಸುಣ್ಣ ಯಾವಾಗ ಉದುರಿಸಬೇಕು, ಸೊಪ್ಪು ಬಾಡದಂತೆ ಹುಳದ ತಟ್ಟೆಯ ಸುತ್ತ ಒದ್ದೆ ಸ್ಪಂಜು ಇಡಬೇಕೋ ತೆಗೆಯಬೇಕೋ, ಎಲ್ಲಕ್ಕೂ ಅಕ್ಕಾ ಎಂಬ ಕೂಗು. ಅವಳು ಮುದ್ದೆಯ ಮುಂದೆ ಕೂತರೂ ಕೂಗು, ತಲೆಗೆ ನೀರು ಹಾಕಿಕೊಳ್ಳುತ್ತಿದ್ದರೂ ಕೂಗು. ಎರಡನೇ ಕೋಣೆ ಬಂದ ಮೇಲೆ ಕೂಗು ಎರಡರಷ್ಟಾಯಿತು. ಅರ್ಧ ಊಟಕ್ಕೆ ಎದ್ದು ಹೋದವಳ ತಣಿಗೆಯ ಮೇಲೆ ನಾನೇ ಎಷ್ಟೋ ಸಲ ಬುಟ್ಟಿ ಮುಚ್ಚಿದ್ದೇನೆ.

ಅಂಥದ್ದರಲ್ಲಿ ಮಗಳು ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ಹೆರಿಗೆಯಾದ ಮನೆಗೆ ಪುರುಡು, ಆ ಸೂತಕ ಕಳೆಯುವ ತನಕ ಮನೆಯವರು ಹುಳದ ಮನೆಗೆ ಕಾಲಿಡುವಂತಿಲ್ಲ. ಇದನ್ನೆಲ್ಲ ಹುಳ ಕೇಳುತ್ತದೆಯೇ ಎಂದು ನಾನು ಮೇಷ್ಟ್ರಗಿರಿ ಮಾಡಿದೆ. ಹುಳ ಕೇಳದಿದ್ದರೂ ಹುಳ ಬಿಟ್ಟವರು ಕೇಳುತ್ತಾರೆ ಎಂದಳು ಅಕ್ಕ. ಹತ್ತೂರಿನವರ ಮೊಟ್ಟೆ ಅವಳ ತಟ್ಟೆಯಲ್ಲಿತ್ತು, ಅವಳು ಹೊರಗಿದ್ದರೆ ಒಳಗೆ ನಡೆಸುವವರು ಯಾರೂ ಇರಲಿಲ್ಲ. ಕೊನೆಗೆ ಮಗಳು ಅತ್ತೆಮನೆಯಲ್ಲೇ ಹೆತ್ತಳು. ಕೂಸು ಚೆನ್ನಾಗಿತ್ತು. ನೋಡಲು ಹೋದ ತಾಯಿಗೆ ಮಗಳು ಆಡಿದ್ದು ಒಂದೇ ಮಾತು.

"ನಿನ್ಗೆ ಉಳನೇ ಮಕ್ಳು ಕಣವ್ವ, ನಾನಲ್ಲ."

ಆಮೇಲೆ ವರ್ಷಗಟ್ಟಲೆ ಅವಳು ತವರಿನ ಕಡೆ ತಲೆ ಹಾಕಲಿಲ್ಲ. ಅಕ್ಕ ನನಗಿದನ್ನು ಹೇಳಿದ್ದು ಬಹಳ ದಿನದ ಮೇಲೆ, ಅವರೆಕಾಯಿ ಸುಲಿಯುತ್ತಾ, ತಲೆ ಎತ್ತದೆ. ಅಳಲಿಲ್ಲ.

ಮಗಳು ಎರಡನೇ ಸಲ ಬಸುರಿಯಾದ ಸುದ್ದಿ ಬಂದಾಗ ಅಕ್ಕ ನನ್ನ ಜಗಲಿಗೆ ಬಂದು ಕೂತಳು. "ಈ ಸಲ ಬಾಣಂತನ ನನ್ ಮನೇಲೇ ಮೇಷ್ಟ್ರೇ. ಅಷ್ಟೊತ್ಗೆ ನಾನು ಒಳಗೆ ಕಾಲಿಡ್ದೇ ಒಂದು ಚಾಕಿ ಎದ್ದೇಳ್ಬೇಕು. ಅದ್ಕೇನ್ ಮಾಡ್ಬೇಕೋ ಮಾಡನ," ಎಂದಳು. ಕೈಯಲ್ಲಿ ಇದ್ದದ್ದು ಐದು ತಿಂಗಳು.

ಮೊದಲು ಅವಳು ಕೆಲಸವನ್ನು ಹರಿದು ಹಂಚಿದಳು. ಸೊಪ್ಪು ಕೀಳುವವಳು ಕೀಳುವುದಷ್ಟೇ, ಹೆಚ್ಚುವವಳು ಹೆಚ್ಚುವುದಷ್ಟೇ. ಎಷ್ಟು ಸಣ್ಣಗೆ ಎಂದು ಕೇಳಲೇಬಾರದು, ಅದಕ್ಕೆ ಬೆಂಕಿಕಡ್ಡಿಯೇ ಅಳತೆ. ಮೊದಲ ಜ್ವರದ ತನಕ ಕಾಲು ಕಡ್ಡಿಯಷ್ಟು, ಆಮೇಲೆ ಅರ್ಧ ಕಡ್ಡಿಯಷ್ಟು. ಮುರಿದ ಎರಡು ಕಡ್ಡಿಯನ್ನು ಈಳಿಗೆಮಣೆಗೆ ಮೇಣದಲ್ಲಿ ಅಂಟಿಸಿಬಿಟ್ಟಳು. ಹುಳವೆಲ್ಲ ತಲೆ ಎತ್ತಿ ಕೂತರೆ ಸುಣ್ಣ, ಒಂದು ಮೂಲೆಯವು ಇನ್ನೂ ಮೇಯುತ್ತಿದ್ದರೂ ಸುಣ್ಣ ಇಲ್ಲ. ಬಾಗಿಲಿಗೆ ಹಿಂದಿನ ಮನೆಯ ಸೊಸೆ. ಕೈ ಬಲು ಶುದ್ಧ, ಬಾಯಿ ಇದೆಯೋ ಇಲ್ಲವೋ ಅನ್ನುವಷ್ಟು ಮೆತ್ತಗಿನ ಹೆಣ್ಣು. ಕಾಲು ತೊಳೆಯದೆ ಯಾರನ್ನೂ ಒಳಗೆ ಬಿಡಬಾರದು, ಎಲೆಯಡಿಕೆ ಬಾಯಿಯವರನ್ನು ಬಿಡಲೇಬಾರದು ಎಂಬುದು ಅವಳ ಕೆಲಸ.

ಇದನ್ನೆಲ್ಲ ಒಂದು ತಗಡಿನ ಮೇಲೆ ಬಣ್ಣದಲ್ಲಿ ಬರೆದುಕೊಡಬೇಕೆಂದು ನನಗೆ ಅಪ್ಪಣೆಯಾಯಿತು. ನನ್ನ ಅಕ್ಷರದ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಅಭಿಮಾನ. 'ಪ್ರವೇಶಕ್ಕೆ ಮುನ್ನ ಪಾದಪ್ರಕ್ಷಾಳನ ಕಡ್ಡಾಯ' ಎಂದು ಶುರು ಮಾಡಿದೆ. ಓದಿಸಿ ಕೇಳಿದ ಅಕ್ಕ, ತನ್ನ ಆರು ಹೆಂಗಸರಲ್ಲಿ ಇದು ಯಾರಿಗೆ ಅರ್ಥವಾಗುತ್ತದೆ ಎಂದು ಕೇಳಿ, ಸೀಮೆಎಣ್ಣೆ ಬಟ್ಟೆ ತಂದು ಕೈಗೆ ಕೊಟ್ಟಳು. 'ಕಾಲು ತೊಳಿ' ಎಂದು ಬರೆದೆ. ಹೀಗೇ ಒಂಬತ್ತು ಸಾಲು. ಕೊನೆಯ ಸಾಲು ಅವಳೇ ಹೇಳಿ ಬರೆಸಿದ್ದು: 'ಅಕ್ಕನಿಗೂ ಇದೇ.' ಬಣ್ಣ ಒಣಗಿದ ಮೇಲೆ, ನಶ್ಯದ ಕೈ ತಾಗಿದೆ ಎಂದು ಬಯ್ದುಕೊಂಡು ಇಡೀ ತಗಡನ್ನು ಬ್ಲೀಚಿಂಗ್ ನೀರಲ್ಲಿ ಅದ್ದಿದಳು. ನನ್ನ ಅಕ್ಷರಕ್ಕೆ ಸಿಕ್ಕ ಸನ್ಮಾನ ಅದು.

ಹೆರಿಗೆಗೆ ಮೊದಲು ಒಂದು ಚಾಕಿಯನ್ನು ಹೀಗೆ ನಡೆಸಿ ನೋಡುವುದೆಂದಾಯಿತು. ಅಕ್ಕ ಹುಳದ ಮನೆಗೆ ಬೆನ್ನು ಮಾಡಿ ನನ್ನ ಜಗಲಿಯ ಮೇಲೆ ಕೂತಳು. ಹೆಂಗಸರು ಕೇಳಲು ಬಂದರೆ ಬೋರ್ಡು ತೋರಿಸುವಳು. ಮೂರನೇ ದಿನಕ್ಕೆ ಕೇಳುವುದು ನಿಂತಿತು. ಅವಳ ಕೈ ಮಾತ್ರ ಸುಮ್ಮನಿರದೆ ನನ್ನ ಚಾಪೆಯ ಅಂಚನ್ನು ಎಳೆ ಎಳೆಯಾಗಿ ಬಿಚ್ಚಿಟ್ಟಿತು.

ಆರನೇ ದಿನ ಅವಳು ಸೊಪ್ಪಿನ ತೋಟಕ್ಕೆ ಹೋಗಿದ್ದಾಗ ಯಳಂದೂರಿನಿಂದ ಅವಳ ಭಾವ, ತೀರಿಕೊಂಡ ಗಂಡನ ಅಣ್ಣ ಬಂದರು. ಬಾಯಿ ತುಂಬ ಹೊಗೆಸೊಪ್ಪಿನ ಎಲೆಯಡಿಕೆ. ತಮ್ಮನ ಹೆಂಡತಿ ಇಷ್ಟು ದೊಡ್ಡದು ಮಾಡಿದ್ದಾಳೆಂಬ ಹೆಮ್ಮೆಯಿಂದ ನೆಟ್ಟಗೆ ಹುಳದ ಮನೆಗೇ ನಡೆದರು. ಬಾಗಿಲಲ್ಲಿದ್ದ ಸೊಸೆ ಹಿರಿಯರನ್ನು ಕಂಡವಳೇ ತಲೆ ಮೇಲೆ ಸೆರಗೆಳೆದುಕೊಂಡು ಪಕ್ಕಕ್ಕೆ ಸರಿದು ನಿಂತಳು. ಅವಳಿಗೆ ಹುಟ್ಟಿದಾಗಿನಿಂದ ಕಲಿಸಿದ್ದೇ ಅದು. ಭಾವ ಹೊಗೆಸೊಪ್ಪು ತಿಕ್ಕಿದ ಕೈಯಲ್ಲೇ ಹುಳಕ್ಕೆ ಹೆಚ್ಚಿಟ್ಟಿದ್ದ ಸೊಪ್ಪನ್ನು ಒಂದು ಹಿಡಿ ತೆಗೆದು, ಮದುವೆಯಲ್ಲಿ ಅಕ್ಷತೆ ಹಾಕುವ ಹಾಗೆ, ಒಳ್ಳೆಯದಾಗಲಿ ಎಂದು ಒಂದು ಸಾಲಿನ ತಟ್ಟೆಗಳ ಮೇಲೆಲ್ಲ ಉದುರಿಸಿದರು.

ಸಂಜೆಯ ಹೊತ್ತಿಗೆ ಆ ಸಾಲಿನ ಹುಳಗಳೆಲ್ಲ ಹಸಿರು ಕಕ್ಕಿ ಮುದುಡಿದ್ದವು. ಹೂಗ್ಯಂನ ಇಬ್ಬರಿಗೆ ಸೇರಿದ ಹುಳ. ಅಕ್ಕ ತನ್ನ ಪಾಲಿನ ತಟ್ಟೆಗಳನ್ನೇ ಅವರಿಗೆ ಕೊಟ್ಟಳು. ನನಗೆ ರೇಗಿತು. ಬೋರ್ಡಿನಲ್ಲಿ ಕೈಯಗಲ ಬರೆದಿದೆಯಲ್ಲ, ಆ ಹುಡುಗಿಯನ್ನು ಬಿಡಿಸಿಬಿಡು ಎಂದೆ. ಸೊಸೆ ಬೇಲಿಯ ಹತ್ತಿರ ನಿಂತು ಬಿಕ್ಕುತ್ತಿದ್ದಳು. ಅಕ್ಕ ಹೋಗಿ ಅವಳನ್ನು ಕರೆತಂದು ಕೂರಿಸಿದಳು.

"ಅವ್ಳ ತಪ್ಪಿಲ್ಲ ಕಣ್ರಿ ಮೇಷ್ಟ್ರೇ. ಭಾವನ ಮುಂದೆ ನಾನೇ ಬಾಯ್ ಬುಡಲ್ಲ, ಆ ಎಣ್ಣು ಬುಟ್ಟಾಳಾ? ಆಗ್ದೇ ಇರೋ ಕೆಲ್ಸವ ಅವ್ಳಿಗೆ ಏಳಿದ್ದು ನಾನು."

ಮುಂದಿನ ವಾರ ಕೊಳ್ಳೇಗಾಲದಿಂದ ಬಡಗಿ ಬಂದ. ಹುಳದ ಮನೆಯ ಬಾಗಿಲಿಗೆ ಹೊರಗಿನ ಚಿಲಕ ಕಿತ್ತು, ಒಳಗಡೆ ಮಾತ್ರ ಅಗಳಿ ಹಾಕಿಸಿದಳು. ಪಕ್ಕದ ಗೋಡೆ ಒಡೆದು, ನಿಂತವರ ಎದೆಮಟ್ಟಕ್ಕೆ ಒಂದು ಗಾಜಿನ ಕಿಟಕಿ. ಕಿಟಕಿಯ ಕೆಳಗೆ ಕಲ್ಲು ಬೆಂಚು, ಪಕ್ಕದಲ್ಲಿ ಮಜ್ಜಿಗೆಯ ಗಡಿಗೆ. ಬಂದವರನ್ನು ಯಾರೂ ತಡೆಯಬೇಕಾಗಲಿಲ್ಲ, ಬೇಡ ಎಂಬ ಮಾತೇ ಬೇಕಾಗಲಿಲ್ಲ. ಭಾವ ಮತ್ತೆ ಬಂದಾಗ ಬೆಂಚಿನ ಮೇಲೆ ಕೂತು ಮಜ್ಜಿಗೆ ಕುಡಿದು, ಕಿಟಕಿಯಲ್ಲಿ ನೋಡಿ, ತುಂಬ ಖುಷಿಯಾಗಿ ಹೋದರು. ನಾನು ಬೋರ್ಡು ಬರೆದು ಬೀಗಿದ್ದೆ. ಬೋರ್ಡಿನಿಂದ ಆಗದ್ದನ್ನು ಅವಳು ಒಂದು ಕಿಟಕಿಯಿಂದ ಮಾಡಿದಳು. ಅಕ್ಕನ ಹುಳವನ್ನು ನಾನು ಮೊದಲ ಸಲ ಕಣ್ಣಾರೆ ಕಂಡದ್ದೂ ಅಲ್ಲಿಂದಲೇ.

ಮಗಳು ಬಂದಳು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಗಂಡು ಕೂಸು ಹೆತ್ತು ತಾಯಿಯ ಮನೆಗೇ ಬಾಣಂತನಕ್ಕೆ ಬಂದಳು. ಮನೆಗೆ ಪುರುಡು, ಒಳಗೆ ಹೊಸ ಚಾಕಿ. ಮೂರು ದಿನ ಹೇಗೋ ತಡೆದುಕೊಂಡಿದ್ದ ಅಕ್ಕ ನಾಲ್ಕನೇ ದಿನ ಹುಳದ ಮನೆಯ ಬಾಗಿಲು ತಟ್ಟಿದಳು. ಒಂದೇ ಒಂದು ಸಲ ತಟ್ಟೆ ಮುಟ್ಟಿ ನೋಡಿ ಬರುತ್ತೇನೆ ಎಂದಳು. ಒಳಗಿದ್ದದ್ದು ಅದೇ ಸೊಸೆ. ಅವಳು ಕಿಟಕಿಯ ಹತ್ತಿರ ಬಂದು, ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ಮೆತ್ತಗೆ ಹೇಳಿದ್ದು ನನಗೂ ಕೇಳಿಸಿತು.

"ಇಲ್ಲೇ ನೋಡ್ಕಳಿ ಅಕ್ಕಾ. ಪುರುಡು ಕಳೀಲಿ, ತೆಗೀತೀನಿ."

ಅಕ್ಕ ನನ್ನ ಜಗಲಿಗೆ ಬಂದಳು. "ನನ್ ಮನೆ ಬಾಗ್ಲ ನಂಗೇ ತೆಗೀಲಿಲ್ಲ ಮೇಷ್ಟ್ರೇ," ಎಂದು ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಒಳಗೆ ಹೋಗಿ ಮೊಮ್ಮಗನನ್ನು ಕಾಲ ಮೇಲೆ ಹಾಕಿಕೊಂಡು ನೀರು ಹುಯ್ದಳು. ಅವಳ ಊಟದ ಮಧ್ಯೆ ಯಾರೂ ಕೂಗಲಿಲ್ಲ. ಆ ಚಾಕಿ ಅವಳ ಕೈ ಸೋಕದೆ ಎರಡು ಜ್ವರ ದಾಟಿತು.

ಆಮೇಲೆ ಮತ್ತೆರಡು ಕೋಣೆ ಎದ್ದವು. ಕಲಿಯಲು ಬಂದ ಯಳಂದೂರಿನ ಹೆಂಗಸರು ಮುರಿದ ಬೆಂಕಿಕಡ್ಡಿಗಳನ್ನು ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ನನಗೆ ವರ್ಗವಾಯಿತು. ಬೋರ್ಡಿನ ಬಣ್ಣ ಮಾಸಿದೆ, ರಜೆಯಲ್ಲಿ ಬಂದು ಬರೆದುಕೊಡಬೇಕು ಎಂದು ಒಮ್ಮೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹೇಳಿಕಳಿಸಿದ್ದಳು. ಬರುತ್ತೇನೆ ಎಂದೆ. ಎರಡು ಬೇಸಿಗೆ ಕಳೆದವು. ಇಲ್ಲಿಂದ ಅಲ್ಲಿಗೆ ಎಷ್ಟು ದೂರ... ಹೋಗಲಿಲ್ಲ.

ಹೋದ ವರ್ಷ ಸುದ್ದಿ ಬಂದಾಗ ಹೋದೆ. ಅಂಗಳದಲ್ಲಿ ಅಕ್ಕನನ್ನು ಮಲಗಿಸಿದ್ದರು. ಹುಳದ ಮನೆಯ ಗೋಡೆಯ ಮೇಲೆ ನನ್ನ ತಗಡು ಹೆಚ್ಚುಕಡಿಮೆ ಬೋಳಾಗಿತ್ತು. ಒಳಗೆ ಹುಳ ಎರಡನೇ ಜ್ವರದಿಂದ ಏಳುವ ದಿನ, ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳಲೇಬೇಕು. ಹೆಣದ ಹತ್ತಿರ ಬಂದವರು ಮತ್ತೆ ಒಳಗೆ ಹೋಗುವಂತಿಲ್ಲ. ಹಾಗಾಗಿ ಅಕ್ಕನಿಗೆ ವಯಸ್ಸಾದ ಮೇಲೆ ಅಲ್ಲಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಆ ಸೊಸೆ ಬೆಳಗಿನಿಂದ ಹೊರಗೆ ಬಂದಿರಲಿಲ್ಲ. ಹೀಗೆ ಮಾಡು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಚಟ್ಟ ಎತ್ತಿದರು. ಬೀದಿಗೆ ತಿರುಗುವಷ್ಟರಲ್ಲಿ ಮಗಳು ಅಡ್ಡ ಬಂದು ನಿಲ್ಲಿಸಿದಳು. ತಾಯಿಗೆ ಹುಳವೇ ಮಕ್ಕಳು ಎಂದಿದ್ದ ಅದೇ ಮಗಳು.

"ಆ ಕಡೆಯಿಂದ ತಕಂಡೋಗಿ. ಒಳ್ಗಿರೋಳೂ ನೋಡ್ಲಿ."

ಹೊತ್ತವರು ಸುತ್ತು ಹಾಕಿ ಬಂದು ಕಿಟಕಿಯ ಮುಂದೆ ನಿಂತರು. ಗಾಜಿನ ಆಚೆ ಸೊಸೆ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ಸೊಪ್ಪಿನ ರಸದಿಂದ ಹಸಿರಾದ ಎರಡೂ ಕೈಯನ್ನು ಜೋಡಿಸಿದಳು. ಅಗಳಿ ತೆಗೆಯಲಿಲ್ಲ. ನಾವು ಬೀದಿಯ ತಿರುವು ದಾಟುವ ಮೊದಲೇ ಹಿಂದಿನಿಂದ ಸೊಪ್ಪು ಹೆಚ್ಚುವ ಸದ್ದು ಕೇಳಿಸಿತು. ನಾನು ಅಲ್ಲೇ ಬೇಲಿ ಹಿಡಿದು ನಿಂತು ಅತ್ತುಬಿಟ್ಟೆ.

ಚರಂಡಿಯ ಘಾಟು ಎರಡು ದಿನಕ್ಕೆ ಹೋಯಿತು. ನಾನು ಪೇಟೆಗೆ ಹೋಗಿ ಒಂದು ಸಣ್ಣ ಡಬ್ಬಿ ಬಣ್ಣ, ಒಂದು ಕುಂಚ ತಂದಿಟ್ಟಿದ್ದೇನೆ. ಬರುವ ಭಾನುವಾರ ಹನೂರು ಬಸ್ಸು ಹತ್ತಬೇಕು. ಬೋರ್ಡು ಅಲ್ಲಿ ಯಾರಿಗೂ ಬೇಕಾಗಿಲ್ಲ, ನನಗೆ ಗೊತ್ತು. ಕೊಟ್ಟ ಮಾತು, ಬರೆದುಬರುತ್ತೇನೆ. ಆದರೆ ನಾನು ಮುಟ್ಟಿದ ತಗಡನ್ನು ಬಯ್ದುಕೊಂಡು ಬ್ಲೀಚಿಂಗ್ ನೀರಲ್ಲಿ ಅದ್ದುವುದಕ್ಕೆ ಅಕ್ಕ ಇಲ್ಲ.