ಬುಟ್ಟಿಗೆ ಬಿದ್ದ ಕಂಬಳಿ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಎರಡನೇ ಮಳೆಗಾಲ ಅದು. ಆ ಆಷಾಢದಲ್ಲಿ ನನ್ನ ಅಕ್ಕ ಗಿರಿಜ ಕ್ಷಯದಿಂದ ತೀರಿಕೊಂಡಳು. ನನಗಾಗ ಹದಿನೇಳು. ಅಮ್ಮ ಇರಲಿಲ್ಲ. ಕೊಡ್ಲಿಪೇಟೆಯ ಪೇಟೆಬೀದಿಯಲ್ಲಿ ಅಪ್ಪಯ್ಯನ ಹೊಲಿಗೆ ಅಂಗಡಿ, ಅದರ ಹಿಂದೆಯೇ ನಮ್ಮ ಮನೆ.

ಕೊನೆಯ ಒಂದು ವರ್ಷವನ್ನು ಅಕ್ಕ ಜಗಲಿಯ ಮೂಲೆಯಲ್ಲಿ ಕರಿ ಕಂಬಳಿ ಹೊದ್ದೇ ಕಳೆದಳು. ಕಂಬಳಿ ಕುತ್ತಿಗೆಗೆ ಚುಚ್ಚುತ್ತದೆ ಅಂದದ್ದಕ್ಕೆ ಅಪ್ಪಯ್ಯ ಅದರ ಅಂಚಿಗೆ ಕೆಂಪು ಫ್ಲಾನೆಲ್ ಬಟ್ಟೆ ಇಟ್ಟು ಹೊಲಿದುಕೊಟ್ಟಿದ್ದರು. ಬೀದಿಯವರು ದೂರದಿಂದ ಆ ಕೆಂಪು ಅಂಚು ನೋಡಿ, ಹುಡುಗಿ ಇನ್ನೂ ಇದ್ದಾಳೆ ಅಂತ ತಿಳಿದುಕೊಂಡು ಮುಂದೆ ಹೋಗುತ್ತಿದ್ದರು. ಹತ್ತಿರ ಬಂದು ಮಾತಾಡಿಸುವ ಧೈರ್ಯ ಇದ್ದದ್ದು ಕಸದ ಚೆಲ್ಲಮ್ಮನಿಗೆ ಮಾತ್ರ. "ಅಮ್ಮಣ್ಣಿ, ಇವತ್ತು ಗಂಜಿ ಕುಡಿದ್ಯಾ?" ಅಂತ ದಿನಾ ಕೇಳದೆ ಅವಳು ನಮ್ಮ ಬುಟ್ಟಿ ಎತ್ತುತ್ತಿರಲಿಲ್ಲ.

ಚೆಲ್ಲಮ್ಮ ಮೊದಲು ಒಂದು ಕಾಫಿ ಎಸ್ಟೇಟಿನ ಕೂಲಿಮನೆಗಳ ಲೈನಿನಲ್ಲಿದ್ದವಳು. ಗಂಡ ಸತ್ತ ಮೇಲೆ ಲೈನು ಬಿಡಿಸಿದರು. ಸಂತೆಮಾಳದ ಹಿಂದೆ ತಗಡಿನ ಜೋಪಡಿ ಹಾಕಿಕೊಂಡು ಬಾಟ್ಲಿ, ತಗಡು, ಚಿಂದಿ ಆಯ್ದು ಬದುಕುತ್ತಿದ್ದಳು. ಆಗ ನಮ್ಮ ಬೀದಿಯ ಕಸವೆಲ್ಲ ಚರಂಡಿಗೇ. ಜೋರು ಮಳೆ ಬಂದರೆ ಸುಬ್ಬಣ್ಣನ ಹೋಟೆಲಿನ ಎಂಜಲೆಲೆ ಕರೆಯದೆಯೇ ನಮ್ಮ ಅಡಿಗೆಮನೆಗೆ ಬಂದು ಕೂರುತ್ತಿತ್ತು. ಕೊನೆಗೆ ಆ ಸುಬ್ಬಣ್ಣನೇ ಬೀದಿಯ ಮನೆಯವರನ್ನೆಲ್ಲ ಸೇರಿಸಿ ಒಂದು ಏರ್ಪಾಡು ಮಾಡಿದ. ಮನೆಗೊಂದು ಬಿದಿರು ಬುಟ್ಟಿ. ದಿನಾ ಬೆಳಿಗ್ಗೆ ಚೆಲ್ಲಮ್ಮ ಅದನ್ನು ಒಯ್ಯಬೇಕು. ಹಸಿ ಕಸ ಗುಂಡಿಗೆ ಹಾಕಿ ಗೊಬ್ಬರ ಮಾಡಿ ತೋಟದವರಿಗೆ ಮಾರಿಕೊಳ್ಳಬೇಕು. ಉಳಿದ ಬಾಟ್ಲಿ, ತಗಡೂ ಅವಳಿಗೇ. ಜೊತೆಗೆ ಹೋಟೆಲಿನಲ್ಲಿ ಮಿಕ್ಕ ಊಟ.

ಒಂದು ಸಲ ಯಾರದೋ ಮನೆಯ ಹಿತ್ತಾಳೆ ಸೌಟು ಕಾಣೆಯಾಗಿ ಅವಳ ಜೋಪಡಿಯನ್ನೆಲ್ಲ ಜಾಲಾಡಿದರು. ಸೌಟು ಅವರ ಅಕ್ಕಿ ಡಬ್ಬದಲ್ಲೇ ಸಿಕ್ಕಿತು. ಚೆಲ್ಲಮ್ಮ ಕೋಪಿಸಿಕೊಂಡು ಬರುವುದನ್ನೇ ಬಿಟ್ಟಳು. ಬೀದಿ ನಾರತೊಡಗಿದ ಮೇಲೆ ಸುಬ್ಬಣ್ಣ ಎಲ್ಲರೆದುರು ಹೇಳಿದ: "ಇವತ್ತಿಂದ ಬುಟ್ಟಿಗೆ ಬಿದ್ದಿದ್ದು ಚೆಲ್ಲಮ್ಮಂದು. ಯಾರೂ ವಾಪಸ್ ಕೇಳೋ ಹಂಗಿಲ್ಲ." ಆಮೇಲೆ ಅವಳು ಬಂದಳು.

ಅಕ್ಕ ಹೋದ ಮೇಲೆ ಅವಳ ಹಾಸಿಗೆ, ಹೊದಿಕೆ ಸುಟ್ಟುಬಿಡಿ ಅಂತ ಡಾಕ್ಟರು ಹೇಳಿದ್ದರು. ಹೇಳುವುದು ಸುಲಭ. ಆ ಮಳೆಯಲ್ಲಿ ನಮ್ಮ ಒಲೆಯೇ ಸರಿಯಾಗಿ ಉರಿಯುತ್ತಿರಲಿಲ್ಲ. ಹಿತ್ತಲಲ್ಲಿ ಅಪ್ಪಯ್ಯ ಕೊಡೆ ಹಿಡಿದುಕೊಂಡು ಸೀಮೆಎಣ್ಣೆ ಸುರಿದರು. ಹಾಸಿಗೆ ಹೇಗೋ ಹೊಗೆಯಾಡಿ ಕರಿಯಾಯಿತು. ಉಣ್ಣೆಯ ಕಂಬಳಿ ಮಾತ್ರ ಸೀದ ವಾಸನೆ ಬಿಟ್ಟಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಅಪ್ಪಯ್ಯ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತಿದ್ದು, ಮಡಚಿ ತಂದು ಬಾಗಿಲ ಬುಟ್ಟಿಗೆ ಹಾಕಿ ಒಳಗೆ ಹೋದರು.

ಎರಡು ದಿನ ಬಿಟ್ಟು ಬೆಳಿಗ್ಗೆ ಬಾಗಿಲು ತೆಗೆದರೆ ಕೆಂಪು ಅಂಚಿನ ಕಂಬಳಿ ಬೀದಿಯಲ್ಲಿ ನಡೆದು ಹೋಗುತ್ತಿದೆ! ಅಕ್ಕನೇ ಎದ್ದು ಹೊರಟಳೇನೋ ಅನಿಸಿತು. ತಲೆಯಿಂದ ಮಂಡಿಯವರೆಗೆ ಅದನ್ನು ಹೊದ್ದುಕೊಂಡು ಚೆಲ್ಲಮ್ಮ ಹೋಟೆಲಿನ ಬುಟ್ಟಿ ಎತ್ತಲು ಬಗ್ಗಿದಳು, ಕೆಮ್ಮಿದಳು. ಆ ಮಳೆಯಲ್ಲಿ ಊರಲ್ಲಿ ಯಾರಿಗೆ ಕೆಮ್ಮಿರಲಿಲ್ಲ? ಆದರೆ ಸುಬ್ಬಣ್ಣ ಗಲ್ಲಾ ಬಿಟ್ಟು ಹೊರಗೆ ಬಂದ.

"ಏ, ಅದು ದೇವಪ್ಪನ ಮಗಳು ಹೊದ್ಕಂಡಿದ್ದ ಕಂಬ್ಳಿ ಅಲ್ವೇನೆ?"

"ಹೌದು ಸಾಮಿ. ಬುಟ್ಟೀಲಿ ಇತ್ತು."

"ಥೂ, ಬಿಸಾಕು ಅತ್ಲಾಗೆ! ಆ ರೋಗ ತಂದು ನನ್ನ ಹೋಟ್ಲಿಗೆ ಅಂಟಿಸ್ತೀಯಾ?"

ಅಷ್ಟರಲ್ಲಿ ಬೀದಿಯ ಅರ್ಧ ಜನ ಜಗಲಿಗೆ ಬಂದು ನಿಂತಿದ್ದರು. ಚೆಲ್ಲಮ್ಮ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. "ಬುಟ್ಟಿಗೆ ಬಿದ್ದಿದ್ದು ನಂದು ಅಂತ ನೀವೇ ಹೇಳಿದ್ದು ಸಾಮಿ. ಇವತ್ತು ಕಂಬ್ಳಿ ಬಿಟ್ರೆ ನಾಳೆ ಇನ್ನೊಬ್ರು ಬಂದು ಸೌಟು ಕೊಡು ಅಂತಾರೆ."

"ರೂಲು ಕಸಕ್ಕೆ ಮಾಡಿದ್ದು ಕಣೇ, ಕಾಯ್ಲೆಗಲ್ಲ. ಹೋಗು, ಇನ್ಮೇಲೆ ಈ ಬೀದಿಗೆ ಕಾಲಿಡಬ್ಯಾಡ."

ಎರಡು ದಿನ ಹೊದ್ದರೆ ಕ್ಷಯ ಬರುತ್ತದೆಯೇ ಅಂತ ಒಬ್ಬರೂ ಕೇಳಲಿಲ್ಲ. ಎಲ್ಲರೂ ತಮ್ಮ ತಮ್ಮ ಬುಟ್ಟಿ ಒಳಗೆ ಎಳೆದುಕೊಂಡರು. ಚರಂಡಿ ಸ್ವಚ್ಛವಾಗಿತ್ತಲ್ಲ, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ನನಗೆ ತಡೆಯಲಾಗಲಿಲ್ಲ. ಮಾರನೆಯ ದಿನ ನನ್ನ ಕಂಬಳಿಯನ್ನೂ ಒಂದು ಡಬ್ಬಿ ಅನ್ನವನ್ನೂ ತೆಗೆದುಕೊಂಡು ಅವಳ ಜೋಪಡಿಗೆ ಹೋದೆ. ತಗಡಿನ ಸಂದಿಯಿಂದ ನೀರು ಒಳಗೇ ಸುರಿಯುತ್ತಿತ್ತು. ಅವಳು ಮುದುಡಿ ಕೂತಿದ್ದಳು. ಕೈ ಮುಟ್ಟಿದರೆ ಕೆಂಡದಂತೆ ಸುಡುತ್ತಿತ್ತು.

"ಚೆಲ್ಲಮ್ಮ, ಇದನ್ನ ತಗೋ, ಅದನ್ನ ನಂಗೆ ಕೊಡು. ಕೆಂಪು ಅಂಚು ಕಾಣದೆ ಇದ್ರೆ ಬೀದಿಯವರ ಬಾಯಿ ಮುಚ್ಚುತ್ತೆ. ನೀನು ಮತ್ತೆ ಬರಬಹುದು."

ಅವಳು ಅನ್ನ ತೆಗೆದುಕೊಂಡಳು. ಕಂಬಳಿ ಮುಟ್ಟಲಿಲ್ಲ. "ಇದನ್ನ ವಾಪಸ್ ಕೊಟ್ರೆ ನಾನು ಕದ್ದಂಗಾಗ್ತದೆ ಅಮ್ಮಣ್ಣಿ. ಅದೂ ಅಲ್ದೆ ನಿನ್ನ ಕೈಲಿರೋದು ನಿಂದು, ಬುಟ್ಟಿಗೆ ಬಿದ್ದಿಲ್ಲ."

"ಅಕ್ಕನ ಕಂಬಳಿಯಿಂದ ನಿಂಗೂ ಕಾಯಿಲೆ ಬಂದ್ರೆ?"

"ಕಾಯ್ಲೆ ನಾಳೆ ಬರೋದು. ಚಳಿ ಇವತ್ತೇ ಅದೆಯಲ್ಲ."

ನಾನು ಮನೆಗೆ ಓಡಿಬಂದು ಅಪ್ಪಯ್ಯನಿಗೆ ಹೇಳಿದೆ. ಅಪ್ಪಯ್ಯ ಕಾಂಪೌಂಡರರ ಮನೆಗೆ ಹೋಗಿ ಕರೆದರು. ಮಳೆ ಸ್ವಲ್ಪ ಬಿಡಲಿ, ಬರುತ್ತೇನೆ ಅಂದರಂತೆ. ಕೊಡ್ಲಿಪೇಟೆಯಲ್ಲಿ ಆಷಾಢದ ಮಳೆ ಯಾವಾಗ ಬಿಡುತ್ತದೆ ಅಂತ ಅವರಿಗೆ ಗೊತ್ತಿಲ್ಲದ್ದೇನಲ್ಲ.

ಮರುದಿನ ಬೆಳಿಗ್ಗೆ ನಾನು ನನ್ನ ಕಂಬಳಿಯನ್ನು ಮಡಚಿ ನಮ್ಮ ಬುಟ್ಟಿಗೆ ಹಾಕಿ, ಬುಟ್ಟಿಯನ್ನು ಬಾಗಿಲ ಹೊರಗೆ ಇಟ್ಟೆ. ಇಡೀ ಬೀದಿಯಲ್ಲಿ ಹೊರಗಿದ್ದದ್ದು ಅದೊಂದೇ ಬುಟ್ಟಿ. ಅವಳದೇ ರೂಲಿನ ಪ್ರಕಾರ ಈಗ ಕಂಬಳಿ ಅವಳದ್ದು, ಬಂದು ತೆಗೆದುಕೊಳ್ಳಲಿ ಅಂತ ಕಿಟಕಿಯಲ್ಲಿ ಕಾದೆ. ಬರಲಿಲ್ಲ. ಸೂರಿನ ನೀರು ಬಿದ್ದು ಬಿದ್ದು ಕಂಬಳಿ ನೆನೆದು ಊದಿಕೊಂಡಿತು. ಒಳಗೆ ತರಲು ಮನಸ್ಸಾಗಲಿಲ್ಲ. ತಂದರೆ ಅವಳು ಇನ್ನು ಬರುವುದಿಲ್ಲ ಅಂತ ನಾನೇ ಒಪ್ಪಿಕೊಂಡಂತೆ ಅನಿಸಿತು.

ಸಂತೆಯ ದಿನ ಅವಳ ಬಾಟ್ಲಿ ಕೊಳ್ಳುತ್ತಿದ್ದ ಸಾಬರು ಮಳೆಯಲ್ಲಿ ನೆನೆದುಕೊಂಡು ನಮ್ಮ ಅಂಗಡಿಗೆ ಬಂದರು. "ದೇವಪ್ಪನೋರೇ, ಮುದುಕಿ ಹೋಗ್ಬಿಟ್ಟಿದೆ. ಎತ್ತೋಕೆ ಯಾರೂ ಬರ್ತಾ ಇಲ್ಲ. ನಾನೊಬ್ನೇ ಏನ್ ಮಾಡ್ಲಿ?"

ಅಪ್ಪಯ್ಯ ಹೊಲಿಯುತ್ತಿದ್ದ ಬಟ್ಟೆ ಬಿಟ್ಟು ಎದ್ದರು. ಅಕ್ಕ ಹೋದ ಮೇಲೆ ಅವರು ಬೀದಿಗೆ ಇಳಿದದ್ದೇ ಅಪರೂಪ. ಬಾಗಿಲಲ್ಲಿ ನಿಂತು ಬುಟ್ಟಿ ನೋಡಿದರು. ನೀರು ಇಳಿಯುತ್ತಿದ್ದ ನನ್ನ ಕಂಬಳಿಯನ್ನು ಎತ್ತಿ ಹಿಂಡಿ ಹೆಗಲಿಗೆ ಹಾಕಿಕೊಂಡರು. ಎದುರು ಜಗಲಿಯಲ್ಲಿದ್ದ ಸುಬ್ಬಣ್ಣ, "ದೇವಪ್ಪ, ಅದನ್ನ ಎಲ್ಲಿಗೆ ತಗಂಡು ಹೋಗ್ತಿದ್ದೀಯೋ?" ಅಂದ.

"ಬುಟ್ಟಿಗೆ ಬಿದ್ದಿದ್ದು ಚೆಲ್ಲಮ್ಮಂದು. ಅವಳಿಗೆ ಕೊಡಕ್ಕೆ ಹೋಗ್ತಿದೀನಿ."

ಅಪ್ಪಯ್ಯನೂ ಸಾಬರೂ ಸೇರಿ ಗುಂಡಿ ತೋಡಿದರು. ಅಕ್ಕನ ಕಂಬಳಿಯನ್ನು ಅವಳ ಮೈಮೇಲಿಂದ ತೆಗೆಯದೆ, ಅದರ ಮೇಲೆ ನನ್ನದನ್ನೂ ಹೊದಿಸಿ ಮಣ್ಣು ಮುಚ್ಚಿದರು. ಆ ತಿಂಗಳೇ ಚರಂಡಿ ಕಟ್ಟಿಕೊಂಡು, ಎಂಜಲೆಲೆ ಮತ್ತೆ ನಮ್ಮ ಅಡಿಗೆಮನೆಗೆ ಬಂತು. ಅಪ್ಪಯ್ಯ ಅದನ್ನು ಗುಡಿಸಿ ಹೊರಗೆ ಹಾಕುತ್ತ ಮೊದಲ ಬಾರಿಗೆ ಜೋರಾಗಿ ಅತ್ತರು. ಯಾರಿಗಾಗಿ ಅಂತ ನಾನು ಕೇಳಲಿಲ್ಲ.

ಅವಳು ಸತ್ತದ್ದು ಕ್ಷಯದಿಂದಲ್ಲ, ಹೊಟ್ಟೆಗಿಲ್ಲದೆ, ಚಳಿಜ್ವರದಲ್ಲಿ ಅಂತಲೇ ನಾನು ಇಂದಿಗೂ ನಂಬಿದ್ದೇನೆ. ಆ ಸಿಟ್ಟು ಇನ್ನೂ ಹೋಗಿಲ್ಲ. ಮದುವೆಯಾಗಿ ಬೇರೆ ಊರಿಗೆ ಬಂದೆ. ಇಲ್ಲಿಯೂ ಬೆಳಿಗ್ಗೆ ಕಸದ ಬುಟ್ಟಿ ಹೊರಗಿಡುತ್ತೇನೆ. ಇಟ್ಟು ಒಳಗೆ ಹೋಗಲು ಮಾತ್ರ ನನ್ನಿಂದಾಗುವುದಿಲ್ಲ. ಎತ್ತಿಕೊಳ್ಳುವವಳು ಬರುವವರೆಗೆ ಬಾಗಿಲಲ್ಲೇ ನಿಂತಿರುತ್ತೇನೆ, ಬಂದ ಮೇಲೆ ಗಂಜಿ ಕುಡಿದ್ಯಾ ಅಂತ ಕೇಳುತ್ತೇನೆ.