ಆಕಾಶಕ್ಕೆ ಹಿಡಿದ ಕೋವಿ

"ಸಾಮ್ನೆ! ಬ್ಯಾರಲ್ ಸಾಮ್ನೆ!" ಎಂಬ ಕೂಗು ಬೆನ್ನ ಹಿಂದಿನಿಂದ ಬಂದಾಗ, ಬೈಸಿಕೊಳ್ಳುತ್ತಿರುವವಳು ನಾನೇ ಎಂದು ನನಗೆ ಹೊಳೆಯಲಿಲ್ಲ. ಕೋವಿಯ ಮೂತಿಯನ್ನು ಎದುರಿಗೆ ಹಿಡಿ ಎಂದು ಗುರಿ ಕಲಿಸುವ ಸಾವಂತ್ ಸರ್ ಕಿರುಚುತ್ತಿದ್ದರು. ನಾನು ಮಾತ್ರ ಅದನ್ನು ನೆಟ್ಟಗೆ ಮೇಲಕ್ಕೆತ್ತಿ ನಿಂತಿದ್ದೆ, ಚಿಕ್ಕಂದಿನಲ್ಲಿ ಕಲಿತ ಹಾಗೆ, ಬಹಳ ಜಾಗ್ರತೆಯಿಂದ. ಅವರು ಬಂದು ರೈಫಲನ್ನು ನನ್ನ ಕೈಯಿಂದ ತೆಗೆದುಕೊಂಡು ಛಾವಣಿಯತ್ತ ಬೆರಳು ತೋರಿಸಿದರು.

"ಊಪರ್ ಟ್ಯೂಷನ್ ಕ್ಲಾಸ್ ಹೈ, ಮ್ಯಾಡಮ್. ಬಚ್ಚೇ ಬೈಠೇ ಹೈಂ."

ನಮ್ಮ ತಲೆಯ ಮೇಲೆ ಮಕ್ಕಳು ಪಾಠಕ್ಕೆ ಕೂತಿದ್ದರು. ಕಿವಿಗೊಟ್ಟರೆ ಬೆಂಚು ಎಳೆಯುವ ಸದ್ದೂ ಕೇಳುತ್ತಿತ್ತು.

ಹೋಟೆಲಿನವನ ಹೆಂಡತಿ ಥಾಣೆಯಲ್ಲಿ ಬಂದೂಕುದಾರರ ಸಂಘ ಸೇರಿದ್ದಾಳೆ ಎಂದು ಊರಿನಲ್ಲಿ ನಗುತ್ತಾರಂತೆ. ನಗಲಿ. ನಾನು ಸೇರಿದ್ದು ನನ್ನ ಸೋದರಮಾವನ ಕೋವಿಗಾಗಿ. ಕಾರ್ಕಳದ ಹತ್ತಿರ ನಮ್ಮದು ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುವ ಅಳಿಯಕಟ್ಟಿನ ಮನೆ, ಮಾವನಿಗೆ ಮದುವೆಯಾಗಿರಲಿಲ್ಲ, ಅವರ ಒಂಟಿ ನಳಿಗೆಯ ಕೋವಿ ನನಗೆ ಸೇರಬೇಕೆಂದು ಅವರೇ ಹೇಳಿದ್ದರು. ಬೆಳೆ ಕಾಯಲು ಸರಕಾರ ಕೊಟ್ಟ ಲೈಸೆನ್ಸು ಅದಕ್ಕೆ. ಮಾವ ಯಾವ ಪ್ರಾಣಿಯನ್ನೂ ಕೊಂದವರಲ್ಲ. ಗದ್ದೆಗೆ ಹಂದಿ ಇಳಿದರೆ, ತೆಂಗಿಗೆ ಮಂಗ ಹತ್ತಿದರೆ, ಆಕಾಶಕ್ಕೊಂದು ಹೊಡೆದು ಓಡಿಸುತ್ತಿದ್ದರು. "ಮೂತಿ ಯಾವತ್ತೂ ಮೇಲೆ ಇರ್ಬೇಕು ಮಗಾ, ಕೆಳಗೆ ಜನ ಇರ್ತಾರೆ" ಎಂಬುದು ಅವರು ನನಗೆ ಕಲಿಸಿದ ಒಂದೇ ನಿಯಮ.

ನಮ್ಮ ಕಡೆ ಪ್ರತಿ ಚುನಾವಣೆಗೂ ರೈತರು ಕೋವಿಯನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಬೇಕು. ಮಾವ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗುತ್ತಿದ್ದರು. ಕಳೆದ ಸಲ ಕೊಟ್ಟು ಬಂದವರು ವಾಪಸು ತರುವ ಮೊದಲೇ ತೀರಿಕೊಂಡರು. ಗದ್ದೆ ನೋಡಿಕೊಳ್ಳುವ ಚಿಕ್ಕಮ್ಮನ ಮಗ ಸುಧಾಕರನನ್ನು ಕೇಳಿದರೆ, "ನನಗೆ ಬೇಡ ಅಕ್ಕ. ಇಲೆಕ್ಷನ್ ಬಂದಾಗೆಲ್ಲ ಅದನ್ನು ಹೊತ್ಕೊಂಡು ಹೋಗ್ಲಿಕ್ಕೆ ಪುರುಸೊತ್ತು ಯಾರಿಗುಂಟು?" ಎಂದ. ಸ್ಟೇಷನ್ನಿನಿಂದ ಪತ್ರ ಬಂತು: ಆರು ತಿಂಗಳೊಳಗೆ ವಾರಸುದಾರರ ಹೆಸರಿಗೆ ಲೈಸೆನ್ಸ್ ಮಾಡಿಸಿ, ಇಲ್ಲವಾದರೆ ಕೋವಿ ಸರಕಾರಕ್ಕೆ. ನಾನು ವಾಸವಿರುವುದು ಥಾಣೆಯಲ್ಲಾದ್ದರಿಂದ ಅರ್ಜಿಯನ್ನೂ ಇಲ್ಲೇ ಹಾಕಬೇಕಿತ್ತು. ವರ್ತಕ ನಗರದ ನಿಮ್ಮ ಮೂರನೇ ಮಹಡಿಯ ಮನೆಯಲ್ಲಿ ಯಾವ ಬೆಳೆ ಕಾಯುತ್ತೀರಿ ಎಂದು ಕಚೇರಿಯ ಗುಮಾಸ್ತ ನಕ್ಕ. ಆಮೇಲೆ ಕನಿಕರಪಟ್ಟು, ಸಂಘ ಸೇರಿ, ಸುರಕ್ಷತೆ ಮತ್ತು ಗುರಿ ಕಲಿತ ಸರ್ಟಿಫಿಕೇಟ್ ತನ್ನಿ, ನೋಡೋಣ ಎಂದ.

ಮಗಳು ನಿಧಿ ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಮಮ್ಮಿ, ಗನ್ ಲೇಕೆ ತೂ ಕರೇಗಿ ಕ್ಯಾ?" ಕೋವಿ ತಂದು ನೀನು ಮಾಡುವುದೇನು ಎಂದು ಅವಳು ಕೇಳಿದಳು. ಇಪ್ಪತ್ತೆರಡು ವರ್ಷವಾಯಿತು ನಾನು ಇಲ್ಲಿಗೆ ಬಂದು. ಬಿಲ್ಡಿಂಗಿನವರಿಗೆ ನಾನು ಇನ್ನೂ 'ಹೋಟೆಲ್‌ವಾಲೀ ಭಾಭಿ'. ಹೆಸರು ಕೇಳಿದವರಿಲ್ಲ. ಸಂಘದ ಪುಸ್ತಕದಲ್ಲಿ 'ವಾರಿಜಾ' ಎಂದು ಬರೆದು ಸಹಿ ಹಾಕಿದ ದಿನ, ನಿಜ ಹೇಳುತ್ತೇನೆ, ನನಗೆ ಖುಷಿಯಾಗಿತ್ತು.

ಆ ಖುಷಿಗೆ ಮೂತಿ ಮೇಲೆತ್ತಿ ನಾನೇ ಕಲ್ಲು ಹಾಕಿಕೊಂಡೆ. ಸುರಕ್ಷತೆಯ ಪರೀಕ್ಷೆಯಲ್ಲಿ ಫೇಲ್. ಎರಡು ತಿಂಗಳ ತರಬೇತಿ ಮತ್ತೆ ಮೊದಲಿನಿಂದ. ಪತ್ರದ ಗಡುವಿನ ವಿಷಯ ಹೇಳಿ ಅಂಗಲಾಚಿದೆ. ಸಾವಂತ್ ಸರ್ ಸೈನ್ಯದಲ್ಲಿದ್ದು ನಿವೃತ್ತರಾದವರು. ತಣ್ಣಗೆ ಹೇಳಿದರು: "ತುಮ್ಹಾರೇ ಗಾಂವ್ ಮೇ ಊಪರ್ ಆಸ್‌ಮಾನ್ ಹೋಗಾ. ಯಹಾಂ ಊಪರ್ ಆದ್ಮೀ ಹೈ." ನಿಮ್ಮೂರಿನಲ್ಲಿ ಮೇಲೆ ಆಕಾಶವಿರಬಹುದು, ಇಲ್ಲಿ ಮೇಲೆ ಮನುಷ್ಯರಿದ್ದಾರೆ ಎಂದು. ಅವರು ತಪ್ಪು ಮಾತಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಮಾತು ಸರಿಯಾಗಿತ್ತು, ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು.

ಎರಡು ತಿಂಗಳು ಕಲಿತೆ. ಮೂತಿ ಗುರಿಯ ಕಡೆಗೆ, ಇಲ್ಲವಾದರೆ ನೆಲಕ್ಕೆ. ಬೆರಳು ಟ್ರಿಗರಿನಿಂದ ಹೊರಗೆ. ಗುರಿಯ ಹಿಂದೆ ಏನಿದೆ ಎಂದು ಮೊದಲು ನೋಡು. ಕೊನೆಯ ದಿನ ಐದು ಗುಂಡುಗಳಲ್ಲಿ ನಾಲ್ಕು ಕಾಗದದ ನಡುಮಧ್ಯೆ ಕೂತವು. ಆ ಕಾಗದವನ್ನು ನಿಧಿ ಫ್ರಿಜ್ಜಿಗೆ ಅಂಟಿಸಿದಳು. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಎಲ್ಲೆಂದರಲ್ಲಿ ನಾನು ತಲೆಯೆತ್ತಿ ಮೇಲೆ ಯಾರಿದ್ದಾರೆ ಎಂದು ಲೆಕ್ಕ ಹಾಕತೊಡಗಿದ್ದೆ.

ಸರ್ಟಿಫಿಕೇಟ್ ಹಿಡಿದು ಗುಮಾಸ್ತನ ಬಳಿ ಹೋದರೆ, ಅರ್ಜಿ ವಿಚಾರಣೆಗೆ ಇನ್ನೂ ಎರಡು ತಿಂಗಳು ಎಂದ. ಗಡುವಿಗೆ ಉಳಿದದ್ದು ಒಂಬತ್ತೇ ದಿನ. ಊರಿಗೆ ಹೋಗಿ ಸ್ಟೇಷನ್ನಿನಲ್ಲಿ ಕೇಳಿದೆ, ಮುಂದೂಡಲು ಅವರಿಗೆ ಅಧಿಕಾರವಿರಲಿಲ್ಲ. ಕೊನೆಗೆ ಒಂದು ರಿಜಿಸ್ಟರಿನಲ್ಲಿ ನನ್ನ ಸಹಿ ತೆಗೆದುಕೊಂಡರು. ಕೋವಿ ಸರಕಾರಕ್ಕೆ ಹೋಯಿತು. ಮಾವನ ಪಂಚೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು.

ಮರುದಿನ ಬೆಳಿಗ್ಗೆ ತೆಂಗಿಗೆ ಮಂಗಗಳ ಹಿಂಡು ಬಂತು. ಕಾರ್ಬೈಡ್ ಹಾಕಿ ಲೈಟರ್ ಒತ್ತಿದರೆ ಢಮ್ಮೆನ್ನುವ ಪೈಪು ಈಗ ಎಲ್ಲರ ಮನೆಯಲ್ಲೂ ಇದೆ. ಸುಧಾಕರ ತನ್ನದನ್ನು ನನಗೆ ಕೊಟ್ಟು, "ನೀವೇ ಹೊಡೀರಿ ಅಕ್ಕ, ಕ್ಲಾಸಿಗೆ ಹೋಗಿ ಕಲ್ತು ಬಂದವರಲ್ವಾ" ಎಂದು ಕಿಚಾಯಿಸಿದ.

ನಾನು ಪೈಪನ್ನು ಹಿಡಿದು ನಿಂತೆ. ಅದರ ಮೂತಿ ನೆಲಕ್ಕೆ ಇಳಿದಿತ್ತು. ಎತ್ತಬೇಕೆಂದುಕೊಂಡೆ, ಕೈ ಏಳಲಿಲ್ಲ. ಬರೀ ಸದ್ದು ಮಾಡುವ ಪೈಪು ಅದು, ನನಗೆ ಗೊತ್ತಿತ್ತು.

"ಮೇಲೆ ಹಿಡೀರಿ ಮಾರಾಯ್ರೆ! ಮಂಗ ನೆಲದಲ್ಲಿ ಉಂಟಾ? ಮೇಲೆ ಯಾರಿದ್ದಾರೆ ಅಂತ ಹೆದರಿಕೆ ನಿಮಗೆ?"

ಮಾವನ ಗದ್ದೆಯ ಮೇಲೆ ಬರೀ ಆಕಾಶವಿತ್ತು, ಯಾರೂ ಇರಲಿಲ್ಲ. ಆದರೂ ನಾನು ಪೈಪನ್ನು ಸುಧಾಕರನಿಗೆ ವಾಪಸು ಕೊಟ್ಟೆ.