ರೀಲಕ್ಕ ಮತ್ತು ಅಳಿಲು ಪಾರ್ಟಿಯ ಅಸಲಿ ದನಿ

ಹಾಂ, ಎಲ್ಲಿಗೆ ನಿಲ್ಲಿಸಿದ್ದೆ? 'ಕಿಟಕಿ ಪಕ್ಕ' ತಂಡದ ಹಿಟ್ಸ್ ಆಲ್ಬಂ ಹತ್ತಿರ. ಅದು ಬರುವುದಕ್ಕೆ ಮುಂಚೆ ಆ ತಂಡದ ಹೆಸರೆತ್ತಿದರೆ ಸಾಕು, ಜನ ಎರಡೂ ಕೈಯನ್ನು ಮೂತಿಯ ಹತ್ತಿರ ತಂದು ಕಾಳು ಕಡಿಯುವ ಹಾಗೆ ಮಾಡಿ ನಗುತ್ತಿದ್ದರು ಅಂದೆನಲ್ಲ. ಅಳಿಲು ಪಾರ್ಟಿ ಅಂತಲೇ ಅಡ್ಡಹೆಸರು. ಹಾಡುಗಳು ಒಳ್ಳೆಯವೇ. ಬರೆದವರೂ ತಂಡ ಕಟ್ಟಿದ ಅಣ್ಣತಮ್ಮ ಇಬ್ಬರೇ, ಬಾರಿಸಿದವರೂ ಅವರೇ. ಆದರೆ ಡಿಸ್ಕಿನಲ್ಲಿ ದನಿ ಮಾತ್ರ ಕೀಚು ಕೀಚು, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಟ. ಯಾಕೆ ಹಾಗಾಯಿತು ಅನ್ನುವುದು ಇಪ್ಪತ್ತೆಂಟು ವರ್ಷ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ರೀಲಕ್ಕ. ಇನ್ನೊಬ್ಬರು ಅವಳ ಅತ್ತಿಗೆ.

ರೀಲಕ್ಕ ಹಳೇ ರೀಲು ಟೇಪುಗಳಲ್ಲಿರುವ ಹಾಡನ್ನು ಕಂಪ್ಯೂಟರಿಗೆ ಇಳಿಸುವವಳು. ವಾಚ್ ರಿಪೇರಿ ಅಂಗಡಿಯ ಮೇಲೆ ಒಂದೇ ಕೋಣೆ. ನಡುವೆ ಮೇಜಿನಗಲದ ಟೇಪ್ ಮಿಷಿನ್ನು, ಪಕ್ಕದಲ್ಲಿ ಸ್ಪಿರಿಟ್ ಬಾಟಲಿ, ಹತ್ತಿ ಕಡ್ಡಿ, ಬ್ಲೇಡು. ಫ್ಯಾನಿದೆ, ಹಾಕುವುದಿಲ್ಲ, ಗಾಳಿಗೆ ಟೇಪು ಹಾರುತ್ತದೆ. ಗಿರಾಕಿಗಳು ಸೆಖೆ ಅಂದರೆ, "ಕೆಳಗಡೆ ವಾಚಿನವನ ಹತ್ರ ಫ್ಯಾನಿದೆ, ಟೈಮೂ ಇದೆ, ಹೋಗಿ ಕೂತ್ಕೊಳ್ಳಿ" ಅನ್ನುತ್ತಾಳೆ.

ಹಳೇ ಟೇಪಿನದೊಂದು ರೋಗ. ವರ್ಷ ಕಳೆದಂತೆ ಅಂಟುಅಂಟಾಗುತ್ತದೆ. ಹಾಗೇ ಓಡಿಸಿದರೆ ಹಾಡೆಲ್ಲ ಕಂದು ಪುಡಿಯಾಗಿ ಉದುರಿಹೋಗುತ್ತದೆ. ಅದಕ್ಕೆ ಎಂಟು ಗಂಟೆ ಹದವಾದ ಬಿಸಿಯಲ್ಲಿಟ್ಟು, ಅಷ್ಟೇ ಹೊತ್ತು ತಣಿಸಿ, ಆಮೇಲೆ ಮಿಷಿನ್ನಿಗೆ ಹಾಕಬೇಕು. ತೀರಾ ಹದಗೆಟ್ಟದ್ದಾದರೆ ಒಂದೇ ಸಲ ಓಡುತ್ತದೆ, ಮತ್ತೆ ಕೇಳಬೇಡಿ. ಬಿಸಿ ಮಾಡುವುದು ಅತ್ತಿಗೆಯ ಹಣ್ಣು ಒಣಗಿಸುವ ಯಂತ್ರದಲ್ಲಿ.

"ತಂದು ಹನ್ನೊಂದು ವರ್ಷ ಆಯ್ತು, ಒಂದು ದ್ರಾಕ್ಷಿ ಒಣಗಿಲ್ಲ ಇದ್ರಲ್ಲಿ," ಅಂತ ಗೊಣಗುವುದು ನಿವೃತ್ತ ನರ್ಸ್ ಅತ್ತಿಗೆಯ ನಿತ್ಯದ ಪಾಠ.

ಈಗ ಆ ತಪ್ಪಿನ ವಿಷಯ. ರೀಲಕ್ಕನಿಗೆ ಆಗ ಇಪ್ಪತ್ತೆರಡು, ಸ್ಟುಡಿಯೋ ಕೆಲಸಕ್ಕೆ ಸೇರಿ ಮೂರು ತಿಂಗಳು. ಒಂದು ಸೋಪಿನ ಜಾಹೀರಾತು ಮೂವತ್ತಮೂರು ಸೆಕೆಂಡಿತ್ತು, ಮೂವತ್ತರಲ್ಲಿ ಮುಗಿಯಬೇಕಿತ್ತು. ಮಿಷಿನ್ನಿನ ವೇಗದ ತಿರುಪನ್ನು ಸ್ವಲ್ಪ ಮೇಲೆ ತಿರುಗಿಸಿ ಮುಗಿಸಿದಳು. ಮತ್ತೆ ಕೆಳಗಿಳಿಸುವುದನ್ನು ಮರೆತಳು. ಮಾರನೇ ದಿನ ಅದೇ ಮಿಷಿನ್ನಿನಲ್ಲಿ 'ಕಿಟಕಿ ಪಕ್ಕ'ದ ಹನ್ನೆರಡೂ ಹಾಡಿನ ನಕಲು ತೆಗೆದು ಕಂಪನಿಗೆ ಕಳಿಸಿದಳು. ಆ ಹಾಡುಗಳನ್ನು ಅವಳು ಮೊದಲು ಕೇಳಿಯೇ ಇರಲಿಲ್ಲ, ಇವರ ದನಿಯೇ ಹೀಗೆ ಅಂದುಕೊಂಡಳು. ಡಿಸ್ಕು ಅಂಗಡಿಗೆ ಹೋದ ಮೇಲೆ ಅಣ್ಣತಮ್ಮ ಇಬ್ಬರೂ ಕೆಂಡವಾಗಿ ಬಂದರು. ಹಾಡು ನಿಧಾನವಾಯಿತು ಅಂತ ತಮ್ಮ ಮೊದಲಿಂದಲೂ ರಗಳೆ ತೆಗೆಯುತ್ತಿದ್ದ. ನಕಲು ತೆಗೆಯುವ ಹಿಂದಿನ ಸಂಜೆ ಮಿಷಿನ್ ಕೋಣೆಯಲ್ಲಿ ಕೂತಿದ್ದವನೂ ಅವನೇ. ವೇಗ ಏರಿಸಿದ್ದು ಇವನೇ ಅಂತ ಅಣ್ಣ ತಿರುಗಿದ್ದು ಅವನ ಕಡೆ.

ರೀಲಕ್ಕ ಬಾಗಿಲ ಹತ್ತಿರ ನಿಂತಿದ್ದಳು. ಬಾಯಿ ಬಿಡಲಿಲ್ಲ.

ಎರಡು ವರ್ಷದಲ್ಲಿ ತಂಡ ಒಡೆಯಿತು. ಅಣ್ಣ, ಅಂದರೆ ದೊಡ್ಡವನು, ಡ್ರೈವಿಂಗ್ ಸ್ಕೂಲ್ ಇಟ್ಟ. ಚಿಕ್ಕವನು ಲಿಫ್ಟ್ ರಿಪೇರಿಗೆ ಹೋದ. ಮಾತುಕತೆ ಬಂದ್.

ಹೋದ ವರ್ಷ ಒಂದು ಕಂಪನಿ ಹಳೇ ತಂಡಗಳ ಹಿಟ್ಸ್ ಆಲ್ಬಂ ತರುತ್ತೇವೆ ಅಂತ ಹೊರಟಿತು. ಗೋಡೌನಿನಲ್ಲಿ 'ಕಿಟಕಿ ಪಕ್ಕ'ದ ಅಸಲಿ ಟೇಪು ಸಿಕ್ಕಿತು. ಈ ಕೆಲಸ ಬಲ್ಲವಳು ಸುತ್ತಮುತ್ತ ರೀಲಕ್ಕ ಒಬ್ಬಳೇ. ಕಂಪನಿಯ ಹುಡುಗಿ ಫೋನ್ ಮಾಡಿ, "ಟೇಪ್ ಕೈಕೊಟ್ರೆ ತಲೆ ಕೆಡಿಸ್ಕೋಬೇಡಿ ಮೇಡಂ, ಹಳೇ ಡಿಸ್ಕಿಂದಾನೇ ಹಾಕ್ತೀವಿ. ಜನಕ್ಕೆ ಅಳಿಲೇ ಇಷ್ಟ," ಅಂದಳು. ಹಾಗಾದರೆ ಈ ಸಲ ಅಣ್ಣತಮ್ಮ ಆಲ್ಬಮ್ಮಿನ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಅಳಿಲಾಗಿ ಶಾಶ್ವತ.

ಟೇಪು ಬಿಸಿಗಿಟ್ಟ ದಿನ ಅತ್ತಿಗೆ ಯಂತ್ರದ ಎದುರೇ ಸ್ಟೂಲು ಹಾಕಿಕೊಂಡು ಕೂತರು.

"ನಾಳೆ ಆ ದೊಡ್ಡವನು ಬರ್ತಾನಂತೆ?"

"ಹೂಂ. ತಮ್ಮ ಇರಬಾರದು ಅಂತ ಕಂಡೀಷನ್ ಹಾಕಿದಾನೆ."

"ಹೇಳ್ತೀಯಾ?"

"ಮೊದಲು ಟೇಪ್ ಓಡ್ಲಿ ಅತ್ತಿಗೆ."

"ನಿಂದೂ ಅದೇ ರೋಗ ಕಣೇ. ಒಳಗೆ ಅಂಟು ಹಿಡಿದಿದೆ. ನಿನ್ನ ಇಡೋಕೆ ಮಾತ್ರ ಈ ಮಿಷಿನ್ ಸಾಲ್ದು."

ರೀಲಕ್ಕನಿಗೆ ನಗು ಬರಲಿಲ್ಲ.

ಮಾರನೇ ದಿನ ಬೆಳಗ್ಗೆ ಹತ್ತಕ್ಕೆ ದೊಡ್ಡವನು ಬಂದ. ತಲೆ ಪೂರ್ತಿ ನರೆತಿತ್ತು. ಅವನಿಗೆ ಅವಳ ಗುರುತು ಹತ್ತಲಿಲ್ಲ. ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತು, ಕಾರಿನ ಬ್ರೇಕ್ ಮೇಲೆ ಕಾಲಿಟ್ಟವನ ಹಾಗೆ ಬಲಗಾಲನ್ನು ನೆಲಕ್ಕೆ ಒತ್ತಿ ಹಿಡಿದ. ರೀಲಕ್ಕ ತಿರುಪು ಸೊನ್ನೆಯಲ್ಲಿದೆಯೇ ಅಂತ ಒಂದಲ್ಲ, ನಾಲ್ಕು ಸಲ ನೋಡಿದಳು. ಗುಂಡಿ ಒತ್ತಿದಳು.

ದನಿ ಬಂತು ನೋಡಿ! ಕೀಚು ಇಲ್ಲ, ಓಟ ಇಲ್ಲ. ಆಳವಾದ, ಒಂಚೂರು ಒಡಕು ಇದ್ದ ಗಂಡು ದನಿ. ಅದರ ಹಿಂದೆ ಅವಸರವೇ ಇಲ್ಲದ ಗಿಟಾರು. ದೊಡ್ಡವನು ಅಲ್ಲಾಡಲಿಲ್ಲ. ಎರಡು ಹಾಡು, ಮೂರು ಹಾಡು. ಮೂರನೆಯದರ ಕೊನೆಯಲ್ಲಿ ಮಿಷಿನ್ನಿಂದ ಸಣ್ಣಗೆ ಕಿರ್ರ್ ಅಂತ ಸದ್ದು ಶುರುವಾಯಿತು. ಟೇಪು ಅಂಟುತ್ತಿದೆ! ಈಗ ನಿಲ್ಲಿಸಿದರೆ ಅಲ್ಲೇ ಕಚ್ಚಿಕೊಂಡು ಹರಿಯುತ್ತದೆ. ಬಲಗಡೆಯ ರೀಲಿನ ಅಂಚಿಗೆ ಬೆರಳಿಟ್ಟು ಹೂವಿನ ಹಾಗೆ ಒತ್ತಿ ಎಳೆತ ಸರಿಮಾಡಿದಳು. ಸದ್ದು ತಗ್ಗಿತು. ಇನ್ನು ಟೇಪು ಮುಗಿಯುವವರೆಗೂ ಬೆರಳು ತೆಗೆಯುವ ಹಾಗಿಲ್ಲ.

ಸರಿಯಾಗಿ ಆಗಲೇ ದೊಡ್ಡವನು ಬಾಯಿ ತೆಗೆದ.

"ಇದನ್ನ ಹಾಳು ಮಾಡಿದ್ನಲ್ಲ ಆ ನನ್ಮಗ. ಒಡಹುಟ್ಟಿದೋನು ಬೇರೆ. ನಮ್ಮಪ್ಪ ತೀರ್ಕೊಂಡಾಗ ಪಕ್ಕದಲ್ಲೇ ನಿಂತಿದ್ದ, ಮುಖ ನೋಡ್ಲಿಲ್ಲ ನಾನು."

ರೀಲಕ್ಕನ ಬೆರಳು ಕೂದಲೆಳೆಯಷ್ಟು ಜಾರಿತು. ಕಿರ್ರ್! ಮತ್ತೆ ಸರಿಮಾಡಿದಳು.

"ಅವರಲ್ಲ," ಅಂದಳು.

"ಏನು?"

"ನಿಮ್ ತಮ್ಮ ಅಲ್ಲ. ನಾನು. ಆವತ್ತು ನಕಲು ತೆಗೆದೋಳು ನಾನೇ. ಜಾಹೀರಾತಿಗೆ ಅಂತ ಸ್ಪೀಡ್ ಏರ್ಸಿದ್ದೆ, ಇಳಿಸೋದು ಮರ್ತೆ. ನೀವು ಅವರನ್ನ ಬೈತಿದ್ದಾಗ ಬಾಗಿಲ ಹತ್ರಾನೇ ನಿಂತಿದ್ದೆ. ಹೆದರಿಕೆ. ಹೇಳ್ಲಿಲ್ಲ."

ಕುರ್ಚಿ ಹಿಂದಕ್ಕೆ ಉರುಳಿತು. ದೊಡ್ಡವನು ಎದ್ದು ನಿಂತಿದ್ದ. ಅವನ ಕೈ ಒಂದು ಸಲ ಮಿಷಿನ್ನಿನ ಕಡೆ ಬಂತು. ರೀಲಕ್ಕ ಬೆರಳು ತೆಗೆಯಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಆಮೇಲೆ ಅವನು ಬಾಗಿಲಿನ ಕಡೆ ತಿರುಗಿದ.

"ಹೋಗೋದಾದ್ರೆ ಹೋಗಿ," ಅಂದಳು. "ಆದ್ರೆ ಹಾಡು ಮುಗಿದ್ಮೇಲೆ. ಈಗ ಬಾಗಿಲು ತೆಗೆದ್ರೆ ಮೆಟ್ಟಿಲ ಕಡೆಯಿಂದ ಗಾಳಿ ನುಗ್ಗತ್ತೆ. ಟೇಪ್ ಹೋಗತ್ತೆ."

ಚಿಲಕದ ಮೇಲೆ ಕೈಯಿಟ್ಟು ನಿಂತೇ ಇದ್ದ. ಉಳಿದ ಒಂಬತ್ತೂ ಹಾಡು ಹಾಗೇ ನಿಂತಿದ್ದ! ಅಷ್ಟೂ ಹೊತ್ತು ಅವಳಿಗೆ ಕೇಳಿದ್ದು ಎರಡೇ: ಟೇಪಿನಲ್ಲಿ ಅವನ ಹಾಡು, ಬೆನ್ನ ಹಿಂದೆ ಅವನ ಉಸಿರು. ಕೊನೆಯ ಹಾಡು ಮುಗಿದು ಟೇಪಿನ ಬಾಲ ಪಟಪಟ ಹೊಡೆದುಕೊಂಡಾಗ ಬೆರಳ ತುದಿ ಕಂದು ಪುಡಿಯಿಂದ ತುಂಬಿತ್ತು. ಹನ್ನೆರಡೂ ಹಾಡು ಕಂಪ್ಯೂಟರಿಗೆ ಬಂದಿದ್ದವು.

ದೊಡ್ಡವನು ತನ್ನ ಫೋನನ್ನು ಮೇಜಿನ ಮೇಲೆ ತಳ್ಳಿದ. "ಅವನ ನಂಬರ್ ಇದೆ. ನನ್ ಬಾಯಲ್ಲಿ ಬರಲ್ಲ. ನೀವೇ ಹೇಳಿ."

ಹೇಳಿದಳು. ಕೋಣೆಯ ವಿಳಾಸವನ್ನೂ ಹೇಳಿದ್ದೇ ತಡ, ಆ ಕಡೆ ಫೋನ್ ಕಟ್ಟಾಯಿತು. ಕೋಣೆಯಲ್ಲಿ ಇಬ್ಬರೂ ಬೆವೆತು ತೊಪ್ಪೆ. ಕುರ್ಚಿ ಎತ್ತಿಡಬೇಕು ಅಂತಲೂ ಯಾರಿಗೂ ತೋಚಲಿಲ್ಲ. ಮುಕ್ಕಾಲು ಗಂಟೆ ಕಳೆದ ಮೇಲೆ ಮೆಟ್ಟಿಲಲ್ಲಿ ಧಡಧಡ ಸದ್ದು. ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಚಿಕ್ಕವನು ಬಂದ. ಅಣ್ಣನನ್ನು ನೋಡಿದ, ರೀಲಕ್ಕನನ್ನು ನೋಡಿದ.

"ನಿಮಗೆ ಏನ್ ಹೇಳ್ಬೇಕು ಗೊತ್ತಾಗ್ತಿಲ್ಲ ಕಣ್ರೀ," ಅಂದ. "ಇಪ್ಪತ್ತೆಂಟು ವರ್ಷದ ಬೈಗುಳ ಸ್ಟಾಕ್ ಇದೆ. ಆದ್ರೆ ಎಲ್ಲಾ ಇವನಿಗೆ ಅಂತ ಇಟ್ಟಿದ್ದು."

"ಬೈಯಿ," ಅಂದ ದೊಡ್ಡವನು.

"ಮೊದ್ಲು ಹಾಡು ಕೇಳ್ಸು, ಕತ್ತೆ."

ಮೂವರೂ ಕೂತು ಕೇಳಿದರು. ಅಣ್ಣತಮ್ಮ ಪರಸ್ಪರ ಮುಖ ನೋಡಲಿಲ್ಲ, ಒಂದೇ ಕಂಪ್ಯೂಟರ್ ಪರದೆಯನ್ನು ದಿಟ್ಟಿಸಿದರು.

ಆಲ್ಬಂ ಬಂತು. ಮಿಕ್ಕಿದ್ದು ನಿಮಗೇ ಗೊತ್ತು. ಅಳಿಲು ಅಂದವರೇ ಈಗ ಆ ಹಾಡುಗಳನ್ನು ರಿಂಗ್‌ಟೋನ್ ಮಾಡಿಕೊಂಡಿದ್ದಾರೆ, ಪತ್ರಿಕೆಯವರು 'ನಾವು ಇವರನ್ನು ಸರಿಯಾಗಿ ಕೇಳಿಯೇ ಇರಲಿಲ್ಲ' ಅಂತ ಬರೆದುಕೊಂಡರು. ಕೇಳಲು ಸಿಕ್ಕಿದ್ದರೆ ತಾನೇ! ಆದರೆ ಆಲ್ಬಂ ಪೆಟ್ಟಿಗೆಯೊಳಗಿನ ಪುಸ್ತಕದ ಕೊನೆಯ ಪುಟ ಓದಿದವರು ಕಡಿಮೆ. ತಪ್ಪು ಯಾರದು ಅಂತ ಅಲ್ಲಿ ಅಚ್ಚಾಗಲೇಬೇಕು ಅಂತ ಚಿಕ್ಕವನು ಹಟ ಹಿಡಿದ. ಕಂಪನಿಯವರು ಹಿಂದೆಮುಂದೆ ನೋಡಿದರು. ರೀಲಕ್ಕನೇ ಫೋನ್ ಮಾಡಿ, "ಹಾಕಿ, ಹೆಸರು ಸಮೇತ ಹಾಕಿ," ಅಂದಳು. ಅದನ್ನು ಓದಿ ಇಬ್ಬರು ಗಿರಾಕಿಗಳು ತಮ್ಮ ಟೇಪು ವಾಪಸ್ ಒಯ್ದರು. ದೊಡ್ಡವನು ಇವತ್ತಿಗೂ ಅವಳೊಂದಿಗೆ ಮಾತಾಡುವುದಿಲ್ಲ. ತಮ್ಮನೊಂದಿಗೆ ಮಾತಾಡುತ್ತಾನೆ, ಅಷ್ಟೇ ಸಾಕು ಅನ್ನುತ್ತಾಳೆ ಅವಳು.

ನನಗೆ ಸಾಕಾಗುವುದಿಲ್ಲ. ನೀವು ಆ ಹಾಡುಗಳನ್ನು ಇಷ್ಟಪಟ್ಟವರಾದರೆ ಒಂದು ಸಲ ಆ ಮೆಟ್ಟಿಲು ಹತ್ತಿ. ಬೈಯುವುದಿದ್ದರೂ ಬೈಯಿರಿ, ಕೇಳಿಸಿಕೊಳ್ಳುತ್ತಾಳೆ, ಬೈಸಿಕೊಳ್ಳುವುದು ತನ್ನ ಕಡೆಯಿಂದ ಬಾಕಿ ಇದೆ ಅನ್ನುವವಳು. ಮಧ್ಯಾಹ್ನ ಎರಡರ ಮೇಲೆ ಬಿಡುವಾಗಿರುತ್ತಾಳೆ. ಹೋಗಿ, ಮಾತಾಡಿಸಿ ಬನ್ನಿ.